ಸಪ್ಪೆ ಸಾರಿನ ಅಕ್ಕಯ್ಯಮ್ಮ

ಬೆಳಕು ಹರಿಯುವ ಹೊತ್ತು. ರಾಜಾಜಿನಗರದ ಉಚಿತ ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಅಕ್ಕಯ್ಯಮ್ಮ ಹೊಗೆಯೊಳಗೆ ಕೂತು ಒಲೆ ಊದುತ್ತಿದ್ದಾರೆ. ಹುರುಳಿಕಾಳಿನ ಸಾರು ಕುದಿಯುತ್ತಿದೆ. ಉಪ್ಪಿನ ಮಡಕೆಗೆ ಹೋದ ಕೈ ಹಾಗೇ ಹಿಂದಕ್ಕೆ ಬರುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು ಮರೆತಿರಾ ಎಂದರೆ, "ಇಲ್ಲ ಸಾಮಿ, ಬೇಕೂಂತ್ಲೇ ಹಾಕ್ಲಿಲ್ಲ. ಮುನಿವೆಂಕಟಪ್ಪ ಇವತ್ತಾದ್ರೂ ನನ್ನ ಬಯ್ಯಲಿ" ಅನ್ನುತ್ತಾರೆ.

ಮುನಿವೆಂಕಟಪ್ಪ ಇಂಟರ್‌ಮೀಡಿಯೆಟ್‌ನಲ್ಲಿ ಎರಡನೇ ಸಲ ನಪಾಸಾದ ಹುಡುಗ. ಸೆಪ್ಟೆಂಬರ್ ಪರೀಕ್ಷೆಗೆಂದು ಉಳಿದಿದ್ದಾನೆ. ಓದಿಲ್ಲ, ಮಾತಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ವಾರ್ಡನ್ನರು "ಸೋಮಾರಿ" ಎಂದು ಕೈ ತೊಳೆದುಕೊಂಡಿದ್ದಾರೆ. ಹುಡುಗರ ಕಾಲು ಮುರಿದರೆ ಪಟ್ಟಿ ಕಟ್ಟುವವರುಂಟು, ಮನಸ್ಸು ಮುರಿದರೆ ಬುದ್ಧಿ ಹೇಳುವವರೇ ಎಲ್ಲ. ನನಗಂತೂ ಕೇಳಿ ಮೈ ಉರಿಯಿತು.

ಮಾರೇನಹಳ್ಳಿಯ ಅಕ್ಕಯ್ಯಮ್ಮ ಗಂಡ ತೀರಿಕೊಂಡ ಮೇಲೆ ಈ ಒಲೆ ಹಿಡಿದವರು. ನಲವತ್ತು ಹುಡುಗರಿಗೆ ಎರಡು ಹೊತ್ತು ಮುದ್ದೆ ಕಟ್ಟಬೇಕು, ತೋಳು ಬಿದ್ದುಹೋಗುತ್ತದೆ. ಆದರೂ ಬಡಿಸುವಾಗ ಅವರ ಕಣ್ಣು ಹುಡುಗರ ಮುಖದ ಮೇಲೇ. ಅದಕ್ಕೆ ಕಾರಣ ಹೋದ ವರ್ಷ ಇಲ್ಲಿದ್ದ ಚನ್ನಕೇಶವ.

"ಏನು ಹಾಕಿದ್ರೂ ತಲೆ ಬಗ್ಗಿಸ್ಕೊಂಡು ಉಣ್ಣೋನು. ಅವನ್ನ ನೋಡಿ ಕಲೀರೋ ಅಂತ ಎಲ್ಲರ ಮುಂದೆ ಹೊಗಳ್ತಿದ್ದೆ. ಅವನಿಗೆ ಅನ್ನ, ಮಣ್ಣು ಎರಡೂ ಒಂದೇ ಆಗಿತ್ತು, ಈ ಹಾಳು ತಲೆಗೆ ಹೊಳೀಲಿಲ್ವಲ್ಲ! ಬೆಳಿಗ್ಗೆ ಉಂಡು ಹೋದೋನು ಸಂಜೆ ಹೆಣವಾಗಿ ಬಂದ." ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. "ಬಯ್ಯೋ ಹುಡುಗರದ್ದು ಭಯ ಇಲ್ಲ ಸಾಮಿ. ಬಯ್ಯದೋರದ್ದೇ ಭಯ."

ಕಾಲೇಜಿನ ಹೊತ್ತಾಗುತ್ತದೆ. ಪಂಕ್ತಿಯಲ್ಲಿ ಗದ್ದಲವೋ ಗದ್ದಲ. "ಏನ್ ಅಕ್ಕಯ್ಯಮ್ಮ, ಉಪ್ಪಿಗೂ ರೇಷನ್ನಾ?" ಎಂದು ಒಬ್ಬ ಕೂಗುತ್ತಾನೆ. "ಥೂ, ಸಪ್ಪೆ!" ಎಂದು ಇನ್ನೊಬ್ಬ. ಬೈಗುಳ ಬಿದ್ದಷ್ಟೂ ಅಕ್ಕಯ್ಯಮ್ಮನ ಮುಖ ಅರಳುತ್ತದೆ.

ಕೊನೆಯಲ್ಲಿ ಕೂತ ಮುನಿವೆಂಕಟಪ್ಪ ಮಾತ್ರ ತುತ್ತಿನ ಮೇಲೆ ತುತ್ತು ನುಂಗುತ್ತಿದ್ದಾನೆ. ಅಕ್ಕಯ್ಯಮ್ಮ ಅವನೆದುರು ಕುಕ್ಕರಗಾಲಲ್ಲಿ ಕೂರುತ್ತಾರೆ.

"ಸಾರು ಹೆಂಗೈತೆ ಮಗ? ಉಗಿಯೋ, ಪರವಾಗಿಲ್ಲ."

"ಚೆನ್ನಾಗೈತೆ ಅಕ್ಕಯ್ಯಮ್ಮ."

ತಟ್ಟೆ ತೊಳೆದಿಟ್ಟು ಅಂಗಳ ದಾಟಿ ಹೊರಗೆ ಹೊರಡುತ್ತಾನೆ. ಕೈಯಲ್ಲಿ ಒಂದು ಪುಸ್ತಕವೂ ಇಲ್ಲ.

ನಿಮ್ಮ ಆಸೆ ಏನಮ್ಮ ಎಂದು ಕೇಳಬೇಕೆಂದು ಬಂದವನು ನಾನು. ಬಾಯಿ ತೆರೆಯುವ ಮೊದಲೇ ಅಕ್ಕಯ್ಯಮ್ಮ ಸೌಟನ್ನು ನನ್ನ ಕೈಗೆ ತುರುಕುತ್ತಾರೆ.

"ಉಳಿದೋರಿಗೆ ನೀವೇ ಬಡಿಸಿ ಸಾಮಿ. ಹೋದ ವರ್ಷ ನಾನು ಒಲೆ ಬಿಟ್ಟು ಏಳ್ಲಿಲ್ಲ. ಇವತ್ತು ಇವನ ಹಿಂದೆ ಹೋಗ್ತೀನಿ."