ಮೀನು ಹೊತ್ತ ತಿಯೊದೊರ್ ಅತ್ತೆ
ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತೂ ಅಷ್ಟಕ್ಕಷ್ಟೇ, ಓದುವವರು ಕ್ಷಮಿಸಬೇಕು. ಸಮೋಸಿರ್ ದ್ವೀಪದ ನಮ್ಮ ಚರ್ಚಿನ ಮಹಿಳಾ ಸಂಘಕ್ಕೆ ತಿಯೊದೊರ್ ಅತ್ತೆಯೇ ಯಜಮಾನಿ. ವರ್ಷಕ್ಕೊಮ್ಮೆ ಸಂಘ ಕಾಯಿಲೆಯವರ ಮನೆಗಳಿಗೆ ಹೊರಟಾಗ, ರೋಗಿಗೆ ಕೊಡಲು ಮಸಾಲೆಯಲ್ಲಿ ಬೆಂದ ಇಡೀ ಮೀನು ಹೊತ್ತು ಮುಂದೆ ನಡೆಯುವವರು ಅವರೇ. ಜೀವ ಗಟ್ಟಿಯಾಗಲೆಂದು ರೋಗಿಯ ನೆತ್ತಿಗೆ ಅಕ್ಕಿಕಾಳು ಇಟ್ಟು, "ಏಳೋ, ಬೆಂದ ಮೀನೇ ನಿನಗಿಂತ ಚುರುಕಾಗಿದೆ!" ಎಂದು ಗದರುತ್ತಾರೆ. ಅವರ ಪ್ರಾರ್ಥನೆ ಎಷ್ಟು ಉದ್ದವೆಂದರೆ, ಅದು ಬೇಗ ಮುಗಿಯಲೆಂದೇ ಮಲಗಿದವರು ಎದ್ದು ಕೂರುತ್ತಾರೆ. ಅತ್ತೆಯ ಸ್ವಂತ ಮನೆಯೊಂದು ಬಿಟ್ಟು ಕಾಯಿಲೆಯವರ ಯಾರ ಮನೆಯೂ ತಪ್ಪುವುದಿಲ್ಲ. ಅಲ್ಲಿ ಅವರ ಗಂಡ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ನಿಮ್ಮ ಮನೆಗೆ ಮಾತ್ರ ಸಂಘ ಯಾಕೆ ಬರುವುದಿಲ್ಲ ಎಂದು ಇವತ್ತು ಅತ್ತೆಯನ್ನೇ ಕೇಳಿದೆ. "ಹೋಗೇ ಹುಡುಗಿ, ಕೊಡೋರ ಮನೆಗೆ ಯಾರಾದ್ರೂ ಕೊಡೋಕೆ ಬರ್ತಾರಾ?" ಎಂದು ನಕ್ಕು, ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು. ನಾಳೆ ಈ ವರ್ಷದ ಮೀನು ಹೊರಡುವಾಗ ನಾಚಿಕೆ ಬಿಟ್ಟು, ಸಂಘದವರನ್ನೆಲ್ಲ ಮೊದಲು ಅವರ ಮನೆಗೇ ಕರೆದೊಯ್ಯುತ್ತೇನೆ.