ನ್ಯಾಮತಿಯ ಜೀಪು ಮತ್ತು ಪುಷ್ಪಾವತಿ ಮೇಡಂ

ಡೀಸೆಲ್ ಮೆಕ್ಯಾನಿಕ್ ವಿಭಾಗವೆಂದರೆ ಗಂಡುಮಕ್ಕಳ ಸೊತ್ತೆಂದೇ ನಮ್ಮ ಸೀಮೆಯಲ್ಲಿ ನಂಬಿದ್ದ ಕಾಲದಲ್ಲಿ ಬೋಧಕಿಯಾಗಿ ಜಗಳೂರಿಗೆ ಕಾಲಿಟ್ಟು, ಹೊನ್ನಾಳಿ, ನ್ಯಾಮತಿಗಳಲ್ಲಿ ದುಡಿದು, ಇದೀಗ ಚನ್ನಗಿರಿಯಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಪುಷ್ಪಾವತಿಯವರು ಕೈಗಾರಿಕಾ ತರಬೇತಿ ಕ್ಷೇತ್ರದ ಹೆಮ್ಮೆ. ಬಿಳಿಚೋಡಿನ ಈ ಮಗಳು ಸೀರೆಯ ಮೇಲೆ ಖಾಕಿ ಕೋಟು ತೊಟ್ಟು ಟ್ರ್ಯಾಕ್ಟರಿನಡಿ ಮಲಗಿದ ಮೊದಲ ದಿನ ಜಗಳೂರಿನಲ್ಲಿ ಜನ ನಿಂತು ನೋಡಿದ್ದರಂತೆ. ಹೊನ್ನಾಳಿಯಲ್ಲಿ ಕೈ ಮುರಿದುಕೊಂಡು ಮನೆಯಲ್ಲಿ ಕುಳಿತಿದ್ದ ವಿದ್ಯಾರ್ಥಿ ದುರುಗೇಶನಿಗೆ ವಾರವಾರವೂ ಅವನೂರಿಗೇ ಹೋಗಿ ಪಾಠ ಹೇಳಿ, ಅವನನ್ನು ಪರೀಕ್ಷೆಗೆ ಕೂರಿಸಿದವರೂ ಇವರೇ.

ಆದರೆ ಇವರನ್ನು ಬಲ್ಲವರೆಲ್ಲ ಮೊದಲು ಹೇಳುವುದು ನ್ಯಾಮತಿಯ ಜೀಪಿನ ಸಂಗತಿಯನ್ನು.

ಅಲ್ಲಿನ ತರಬೇತಿ ಕೇಂದ್ರದಲ್ಲಿ ಓಡುವ ವಾಹನವೆಂದರೆ ಆ ಹಳೆಯ ಜೀಪೊಂದೇ. ಕೀಲಿ ತಿರುಗಿಸಿದರೆ ಎಂಜಿನ್ನು ಒಲ್ಲದ ಮನಸ್ಸಿನಿಂದ ನಿಧಾನವಾಗಿ ಸುತ್ತುತ್ತ, ಕೆಲವೊಮ್ಮೆ ಹೊತ್ತಿಕೊಳ್ಳದೆ ನಿಂತುಬಿಡುತ್ತಿತ್ತು. ಹೊಸ ಬ್ಯಾಟರಿ ಹಾಕಿದರು, ಎಂಜಿನ್ನನ್ನು ಸುತ್ತಿಸುವ ಸೆಲ್ಫ್ ಮೋಟಾರನ್ನು ಬಿಚ್ಚಿ ಸರಿಪಡಿಸಿದರು, ಫಲವಿಲ್ಲ. ಅಷ್ಟರಲ್ಲಿ ಮರುದಿನವೇ ತಪಾಸಣಾ ತಂಡ ಬರುವ ಸುದ್ದಿ ಬಂತು. ಓಡುವ ವಾಹನವಿಲ್ಲದಿದ್ದರೆ ವಿಭಾಗದ ಮಾನ್ಯತೆಯೇ ಹೋಗುತ್ತಿತ್ತು, ಮಕ್ಕಳ ಓದು ಅರ್ಧಕ್ಕೆ ನಿಲ್ಲುತ್ತಿತ್ತು.

ತಳ್ಳಿ ಸ್ಟಾರ್ಟ್ ಮಾಡಿ, ತಂಡ ಹೋಗುವ ತನಕ ಆರಿಸದೇ ಇಡೋಣವೆಂದು ಪ್ರಾಚಾರ್ಯ ಮಹೇಶ್ವರಪ್ಪನವರು ಸೂಚಿಸಿದರು. ಪುಷ್ಪಾವತಿಯವರು ಒಪ್ಪಲಿಲ್ಲ. “ಸಾರ್, ಹುಡುಗ್ರು ನೋಡ್ತಾ ಇರ್ತಾರೆ. ದೋಷ ಮುಚ್ಚಾಕೆ ಕಲಿಸಿದಂಗೆ ಆಗ್ತೈತೆ. ಬೆಳಿಗ್ಗೆ ಹುಡುಕೇ ಬಿಡ್ತೀನ್ರೀ” ಎಂದರು.

ಬೆಳಿಗ್ಗೆ ಇಡೀ ತರಗತಿಯನ್ನು ಜೀಪಿನ ಸುತ್ತ ನಿಲ್ಲಿಸಿಕೊಂಡು, ಈ ತೊಂದರೆ ಶುರುವಾದದ್ದು ಯಾವಾಗಿನಿಂದ ಎಂದು ಕೇಳಿದರು. ತರಗತಿಯ ಏಕೈಕ ಹುಡುಗಿ ವನಜಾಕ್ಷಿ, “ಆಯುಧಪೂಜೆ ಆದ್ಮೇಲೆ ಮೇಡಂ” ಎಂದಳು. ಆ ಮಾತಿಗೆ ಪುಷ್ಪಾವತಿಯವರ ಮುಖ ಅರಳಿತು. ವೋಲ್ಟ್ ಅಳೆಯುವ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿಸಿ ಕೀಲಿ ತಿರುಗಿಸಲು ಹೇಳಿದರು. ಕದಲಲೇಬಾರದಿದ್ದ ಮುಳ್ಳು ಒಂದು ವೋಲ್ಟನ್ನೂ ದಾಟಿ ಹಾರಿತು. ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ಮರಳುವ ದಾರಿಯಲ್ಲೇ ಎಲ್ಲೋ ತಡೆಯಿತ್ತು.

ಜೀಪಿನಡಿ ನುಸುಳಿ ನೋಡಿದರೆ, ಕರೆಂಟನ್ನು ಬ್ಯಾಟರಿಗೆ ಮರಳಿಸುವ ಅರ್ತ್ ವೈರನ್ನು ಬಿಗಿದ ಜಾಗದಲ್ಲಿ ಹೊಳೆಯುವ ನೀಲಿ ಬಣ್ಣ! ಪೂಜೆಗೆಂದು ಜೀಪಿಗೆ ಬಣ್ಣ ಬಳಿದವರು ಅದರ ಮೇಲೆಯೇ ವೈರು ಬಿಗಿದಿದ್ದರು; ಆ ಬಣ್ಣದ ಪದರವೇ ಕರೆಂಟಿಗೆ ಅಡ್ಡವಾಗಿತ್ತು. ಮಲಗಿದಲ್ಲೇ ಅವರಿಗೆ ನಗು ಉಕ್ಕಿ ಬಂತು. “ಬಣ್ಣ ಹೊಡಿರಿ ಅಂದಾಕೆ ನಾನೇ. ಉಪ್ಪುಕಾಗದ ಕೊಡ್ರಿ” ಎಂದರು.

ಬಣ್ಣ ಉಜ್ಜಿ, ಲೋಹ ಬೆಳ್ಳಗೆ ಕಾಣುವಂತೆ ಮಾಡಿ ಬೋಲ್ಟು ಬಿಗಿಯುತ್ತಿದ್ದಾಗಲೇ ತಂಡದ ಕಾರು ಗೇಟಿನೊಳಗೆ ಬಂತು. ಮಹೇಶ್ವರಪ್ಪನವರು ಕರವಸ್ತ್ರದಿಂದ ಬೆವರೊರೆಸಿಕೊಳ್ಳುತ್ತಿದ್ದರು. ಮೈಗೆಲ್ಲ ಮಣ್ಣು ಮೆತ್ತಿಕೊಂಡು ಹೊರಬಂದ ಪುಷ್ಪಾವತಿಯವರು ಅಂಗೈ ಕೊಳೆಯಾದ್ದರಿಂದ ಅತಿಥಿಗಳಿಗೆ ಮೊಣಕೈ ಜೋಡಿಸಿಯೇ ನಮಸ್ಕರಿಸಿ, ಜೀಪಿನ ಚಾಲಕನ ಸೀಟಿನಲ್ಲಿದ್ದ ವನಜಾಕ್ಷಿಯತ್ತ ತಿರುಗಿ ಕಣ್ಸನ್ನೆ ಮಾಡಿದರು. ಕೀಲಿ ತಿರುಗಿತು, ಎಂಜಿನ್ನು ಒಂದೇ ಎಳೆತಕ್ಕೆ ಗುಡುಗಿತು! ಹುಡುಗರ ಕೇಕೆ ಕಾಂಪೌಂಡು ದಾಟಿತು. ಏನಾಗಿತ್ತೆಂದು ತಂಡದ ಹಿರಿಯರು ಕೇಳಿದಾಗ ಮೇಡಂ ವನಜಾಕ್ಷಿಯನ್ನೇ ಮುಂದೆ ಬಿಟ್ಟರು. ಅವಳು ತೊದಲುತ್ತಲೇ ಶುರುಮಾಡಿ ಪೂರ್ತಿ ವಿವರಿಸಿದಳು. ಮಾನ್ಯತೆ ಉಳಿಯಿತು. ಇಂದು ಅದೇ ವಿಭಾಗದಲ್ಲಿ ಪಾಠ ಹೇಳುತ್ತಿರುವವರು ಶ್ರೀಮತಿ ವನಜಾಕ್ಷಿಯವರು.

ನಿವೃತ್ತಿಗೆ ಮೊದಲೇ ಪುಷ್ಪಾವತಿಯವರು ಬಿಳಿಚೋಡಿನಲ್ಲಿ ಶೆಡ್ಡೊಂದನ್ನು ಹಾಕಿಸಿದ್ದಾರೆ, ಟ್ರ್ಯಾಕ್ಟರು ಓಡಿಸುವ ಹೆಣ್ಣುಮಕ್ಕಳಿಗೆ ರಿಪೇರಿ ಕಲಿಸಲು. ಮೊದಲು ಹೆಸರು ಕೊಟ್ಟವರು ಎಪ್ಪತ್ತು ದಾಟಿದ ಅವರ ಅತ್ತಿಗೆ ಸಾವಂತ್ರಮ್ಮ: “ನಿಮ್ಮಣ್ಣ ಇಷ್ಟು ವರ್ಷ ಟ್ರ್ಯಾಕ್ಟರಿನ ಬಾನೆಟ್ ಮುಟ್ಟಾಕೆ ಬಿಟ್ಟಿಲ್ಲ. ನನಗ ಮೊದಲು ಅದನ್ನ ತೆಗಿಯಾಕೆ ಕಲಿಸು.”

ಇಂಥ ಶಿಷ್ಯೆಯರು ಸಾಲುಗಟ್ಟಿ ಬರಲಿ. ಅವರೆಲ್ಲರಿಗೂ ಕಲಿಸಿ ಮುಗಿಸುವಷ್ಟು ದೀರ್ಘವಾದ ಆಯುಸ್ಸು, ಗಟ್ಟಿಯಾದ ಮೊಣಕಾಲು ನಮ್ಮ ಮೇಡಂ ಅವರಿಗೆ ಇರಲಿ.