ಸೆಲ್ವಣ್ಣನ ಪೆಟ್ಟಿಗೆ ಸರಿಯಾಗಿಯೇ ಎಣಿಸಿತ್ತು

ಸೆಲ್ವಣ್ಣ ಇಲ್ಲವಂತೆ...
ಭದ್ರಾವತಿಯಿಂದ ಅವರ ತಂಗಿ ಫೋನ್ ಮಾಡಿದಾಗ "ಯಾವ ಸೆಲ್ವಣ್ಣ?" ಎಂದು ಕೇಳಿಬಿಟ್ಟೆ.
"ನಿಮ್ಮ ಲ್ಯಾಬಿನ ಸೆಲ್ವಣ್ಣನೇ ಮೇಡಂ... ಬೆಳಿಗ್ಗೆ ಎದೆ ನೋವು ಅಂದ್ರು. ಆಟೋ ಹತ್ತಿಸೋ ಅಷ್ಟ್ರಲ್ಲೇ ಹೋಗ್ಬಿಟ್ರು."

ನಿನ್ನೆ ತಾನೇ ಮೆಸೇಜ್ ಹಾಕಿದ್ದರು.
ಓದಿದ್ದೆ... ಉತ್ತರ ಬರೆದಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಸೆಲ್ವರಾಜ್, ಶಿವಮೊಗ್ಗದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಫಿಸಿಕ್ಸ್ ಲ್ಯಾಬ್ ಅಸಿಸ್ಟೆಂಟ್.
ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು.
ಬಲೂನಿನಲ್ಲಿ ಉಪಕರಣ ಹಾರಿಸಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಅಳೆಯುತ್ತೇನೆ ಎಂದು ನಾನು ಹೇಳಿದಾಗ ಸ್ಟಾಫ್ ರೂಮ್ ನಕ್ಕಿತ್ತು.
ಸೆಲ್ವಣ್ಣ ಒಬ್ಬರೇ ಕೇಳಿದರು: "ಪೆಟ್ಟಿಗೆ ಎಷ್ಟು ತೂಕ ಇರ್ಬೋದು ಮೇಡಂ?"

ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಕಿರಣ ಎಣಿಸುವ ಕೌಂಟರ್, ಮೆಮೊರಿ ಕಾರ್ಡ್... ಎಲ್ಲ ಅವರ ಕೈಕೆಲಸ.
ಅನುಮತಿ ಸಿಕ್ಕ ಮೇಲೆ ಹಾರಿಸಿದೆವು.
ಬಲೂನು ಒಡೆದು, ಪ್ಯಾರಾಚೂಟ್ ಎತ್ತಲೋ ಇಳಿಯಿತು. ಎರಡು ದಿನ ಅಲೆದೆವು.
ಶಿಕಾರಿಪುರದ ಕಡೆ ಒಂದು ಮೆಕ್ಕೆಜೋಳದ ಹೊಲದಲ್ಲಿ ಸಿಕ್ಕಿತು.

ಕಾರ್ಡ್ ತೆರೆದು ನೋಡಿದರೆ... ಮೇಲೆ ಹೋದಂತೆ ಎಣಿಕೆ ಏರಿತ್ತು. ಒಂದು ಎತ್ತರ ದಾಟಿದ ಮೇಲೆ ಇಳಿಯತೊಡಗಿತ್ತು!
ನಾನು ಎಲ್ಲರೆದುರೇ ರೇಗಿದೆ. "ಚಳಿಗೆ ಸರ್ಕ್ಯೂಟ್ ಕೈಕೊಟ್ಟಿದೆ. ಸರಿಯಾಗಿ ಸಾಲ್ಡರ್ ಮಾಡಿಲ್ಲ ನೀವು."
"ಇಲ್ಲ ಮೇಡಂ... ಗಾಂಧಿ ಬಜಾರಲ್ಲಿ ಐಸ್‌ಕ್ರೀಮ್ ಅಂಗಡಿ ಫ್ರೀಜರಲ್ಲಿ ಒಂದಿಡೀ ದಿನ ಇಟ್ಟು ನೋಡಿದೀನಿ. ಪೆಟ್ಟಿಗೆ ಕೆಳಗೆ ಬರೋವಾಗ ಏನಾಗಿದೆ ನೋಡಿ. ಅದೇ ಎತ್ತರದಲ್ಲಿ ಎಣಿಕೆ ಮತ್ತೆ ಏರಿದೆ. ಕೆಟ್ಟೋಗಿದ್ರೆ ತಾನಾಗೇ ಸರಿ ಆಗುತ್ತಾ?"
ನಾನು ಕೇಳಿಸಿಕೊಳ್ಳಲಿಲ್ಲ.

ಆ ವಾರ ಪುಸ್ತಕ ತೆಗೆದು ಕೂತೆ.
ಕಿರಣಗಳು ಮೇಲಿನ ಗಾಳಿಗೆ ಬಡಿದು ನೂರಾರು ಕಣಗಳಾಗಿ ಸಿಡಿಯುತ್ತವೆ. ಒಂದು ಎತ್ತರದಲ್ಲಿ ಅವು ಅತಿ ಹೆಚ್ಚು... ಅದಕ್ಕಿಂತ ಮೇಲೆ ಕಡಿಮೆ.
ಪೆಟ್ಟಿಗೆ ತೋರಿಸಿದ್ದೂ ಅದನ್ನೇ.

ಸೆಲ್ವಣ್ಣ...
ಎಲ್ಲರೆದುರು ನಿಮ್ಮನ್ನು ಬೈದೆ. "ನೀವು ಹೇಳಿದ್ದೇ ಸರಿ" ಅಂತ ಹೇಳಿದ್ದು ಮಾತ್ರ ಯಾರೂ ಇಲ್ಲದ ಕಾರಿಡಾರಿನಲ್ಲಿ.
"ಬಿಡಿ ಮೇಡಂ, ಕಾರ್ಡ್ ಸಿಕ್ತಲ್ಲ" ಎಂದು ನಕ್ಕಿರಿ.
ವರದಿಯಲ್ಲಿ ನಿಮ್ಮ ಹೆಸರು ಬರಲಿಲ್ಲ. ನೀವು ಕೇಳಲಿಲ್ಲ... ನಾನೂ ಬರೆಯಲಿಲ್ಲ.

ಇವತ್ತು ನಿಮ್ಮ ಮನೆ ಮುಂದೆ ಯಾರೋ ನನ್ನನ್ನು ಕೇಳಿದರು: "ನೀವ್ ಯಾರಮ್ಮ, ಅವರಿಗೆ ಏನಾಗ್ಬೇಕು?"
"ಜೊತೆಗೆ ಕೆಲಸ ಮಾಡೋರು" ಎಂದೆ.

ಶಿವಮೊಗ್ಗಕ್ಕೆ, ಹೊಸಮನೆ ಬಡಾವಣೆಯ ನನ್ನ ಮನೆಗೆ ವಾಪಸ್ ಬಂದು ಒಬ್ಬಳೇ ಕೂತಿದ್ದೇನೆ.
ಈ ಊರಿನಲ್ಲಿ ನನ್ನ ಗ್ರಾಫ್ ಬಿಡಿಸಿಟ್ಟರೆ ಬಗ್ಗಿ ನೋಡುತ್ತಿದ್ದವರು ನೀವೊಬ್ಬರೇ...

ತಡವಾಗಿಯಾದರೂ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.
ಆ ಅಳತೆ ಸೆಲ್ವರಾಜ್ ಅವರದು. ತಪ್ಪು ನನ್ನದು.

ಹೋಗಿ ಬನ್ನಿ ಸೆಲ್ವಣ್ಣ...
ನಿಮ್ಮ ಜೀವ ತಣ್ಣಗಿರಲಿ. 🙏